ಬೆನ್ನ ಹಿಂದೆ ಕೈ ಕಟ್ಟಿದ ಓಬಳೇಶ ಮೇಷ್ಟ್ರು

ಸಾಕಮ್ಮನಿಗೆ ಇದ್ದವನು ಒಬ್ಬನೇ ಮಗ. ಆ ಒಬ್ಬನೇ ಹತ್ತು ಮಕ್ಕಳ ಚಿಂತೆ ಕೊಡುತ್ತಿದ್ದ. ಹೆಸರು ಓಬಳೇಶ. ಕಳ್ಳನಲ್ಲ, ಸುಳ್ಳನಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ಹೇಳಿದ ಮಾತು ಕೇಳುವುದಿಲ್ಲ ಎಂದು ಯಾರೂ ದೂರುವಂತಿರಲಿಲ್ಲ. ಕೇಳುತ್ತಿದ್ದ. ಕೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದ. ಕಷ್ಟವೆಲ್ಲ ಇದ್ದದ್ದು ಅಲ್ಲೇ.

ಇಂಥವನು ಮೇಷ್ಟ್ರಾಗಲು ಹೊರಟಿದ್ದ, ನೋಡಿ!

ತರಬೇತಿ ಕಾಲೇಜಿನಲ್ಲಿ ಮೊದಲ ಸಲ ಪರೀಕ್ಷೆಯ ಪಾಠಕ್ಕೆ ನಿಂತಾಗ, "ಮಕ್ಕಳಿಗೆ ಬೆನ್ನು ತೋರಿಸಬಾರದು" ಎಂದಿದ್ದರು. ಓಬಳೇಶ ತೋರಿಸಲಿಲ್ಲ. ಮಕ್ಕಳ ಕಡೆಗೇ ಮುಖ ಮಾಡಿ ನಿಂತು, ಕೈಯನ್ನು ಹಿಂದಕ್ಕೆ ತಿರುಚಿ ಬೋರ್ಡಿನ ಮೇಲೆ ಬರೆದ. ಬರೆದದ್ದು ಕೋಳಿ ಕೆದರಿದಂತಿತ್ತು. ಫೇಲು! "ಬೋರ್ಡು ನೋಡಿಕೊಂಡು ಬರೆಯಯ್ಯಾ!" ಎಂದು ಬೈದರು. ಎರಡನೆಯ ಸಲ ಬೋರ್ಡು ನೋಡಿಕೊಂಡೇ ಬರೆದ. ಮೇಲಿನಿಂದ ಕೆಳಗಿನವರೆಗೆ, ಕತ್ತು ತಿರುಗಿಸದೆ, ಮುಕ್ಕಾಲು ಗಂಟೆ ಬರೆದ. ಬರೆದು ತಿರುಗಿದರೆ ಮಕ್ಕಳೂ ಇಲ್ಲ, ಪರೀಕ್ಷಕರೂ ಇಲ್ಲ. ಮತ್ತೆ ಫೇಲು!

ಇನ್ನು ಉಳಿದದ್ದು ಮೂರನೆಯ ಸಲ. ಅದೇ ಕಡೆಯ ಸಲ. "ಇದರಲ್ಲೂ ಹೋದರೆ ಹಾಸಿಗೆ ಸುತ್ತಿಕೊಂಡು ಊರಿಗೆ ನಡಿ" ಎಂದು ಕಾಲೇಜಿನವರು ಕಡ್ಡಿ ಮುರಿದಂತೆ ಹೇಳಿ, ಅವನನ್ನು ಅವನ ಊರಾದ ಬೊಮ್ಮನಹಟ್ಟಿಯ ಶಾಲೆಗೇ ಕಳುಹಿಸಿದರು. ತಾಯಿಯ ಕಣ್ಣಳತೆಯಲ್ಲಾದರೂ ನೆಟ್ಟಗೆ ನಿಲ್ಲಲಿ ಎಂದು.

ಆ ಶಾಲೆಯಲ್ಲಿ ಬಿಸಿಯೂಟ ಮಾಡುವವಳೇ ಸಾಕಮ್ಮ. ಹದಿನಾರು ವರ್ಷದಿಂದ ಅವಳ ಸೌಟು ಅಲ್ಲಿ ಆಡಿದೆ. ಆ ಅಡುಗೆಮನೆಯ ಗೋಡೆಗೆ ಒಂದು ಪುಸ್ತಕ ತೂಗುಹಾಕಿತ್ತು. ಮಕ್ಕಳಿಗೆ ಬಡಿಸುವ ಮೊದಲು ಒಬ್ಬ ಮೇಷ್ಟ್ರು ಬಂದು ಅನ್ನ ಸಾರು ರುಚಿ ನೋಡಬೇಕು, ನೋಡಿ ಆ ಪುಸ್ತಕದಲ್ಲಿ ಸಹಿ ಹಾಕಬೇಕು. ಅದು ನಿಯಮ. ಹದಿನಾರು ವರ್ಷದಲ್ಲಿ ಎಷ್ಟೋ ಮೇಷ್ಟ್ರುಗಳ ಸಹಿ ಸಾಕಮ್ಮ ಕಂಡಿದ್ದಳು. ಕಾಣದೆ ಉಳಿದದ್ದು ಒಂದೇ ಸಹಿ.

"ಮೇಡಂ, ನನ್ನ ಮಗನೂ ಒಂದಿನ ರುಚಿ ನೋಡಿ ಸೈನ್ ಹಾಕಲೇನು?"

ಮುಖ್ಯ ಶಿಕ್ಷಕಿ ಲಲಿತಾಂಬ ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಸಾಕಮ್ಮ, ಅದು ಮೇಷ್ಟ್ರುಗಳು ಹಾಕುವ ಸಹಿ. ಮೊದಲು ನಿನ್ನ ಮಗ ಪಾಸಾಗಲಿ."

ಶುಕ್ರವಾರ ಪರೀಕ್ಷಕರು ಬರುವವರಿದ್ದರು. ಈ ಸಲ ಬರೀ ಬೋರ್ಡಿನ ಪಾಠವಲ್ಲ. ಶಾಲೆಗೆ ಹೊಸದಾಗಿ ಲ್ಯಾಪ್‌ಟಾಪು, ಪ್ರೊಜೆಕ್ಟರು ಮಂಜೂರಾಗಿದ್ದವು. ಅವನ್ನು ಬಳಸಿ ಮೂರನೆಯ ತರಗತಿಗೆ ಕಾಡುಪ್ರಾಣಿಗಳ ಪಾಠ ಮಾಡಬೇಕು.

ಸೋಮವಾರ ಮೇಡಂ ಹೇಳಿದರು, "ಓಬಳೇಶ್, ಪಕ್ಕದೂರಿನ ಶಾಲೆಯಲ್ಲಿ ನಮ್ಮ ಪ್ರೊಜೆಕ್ಟರ್ ಇದೆ. ಹೋಗಿ ತೆಗೆದುಕೊಂಡು ಬಾ."

ಹಿಂದಿನ ದಿನವಷ್ಟೇ ತಾಯಿ ಅವನಿಗೆ ಬೇಳೆ ಮೂಟೆ ತರಲು ಹೇಳಿದ್ದಳು. "ಹಗ್ಗ ಹಾಕಿ ಬಿಗಿಯಾಗಿ ಕಟ್ಟಿ, ತಲೆ ಮೇಲೆ ಹೊತ್ಕೊಂಡು ಬಾ" ಎಂದಿದ್ದಳು. ತರುವುದೆಂದರೆ ಹಾಗೆಯೇ ತಾನೇ? ಓಬಳೇಶ ಪ್ರೊಜೆಕ್ಟರಿಗೆ ತೆಂಗಿನ ನಾರಿನ ಹಗ್ಗ ಬಿಗಿದ, ಸಿಂಬೆ ಸುತ್ತಿದ, ತಲೆ ಮೇಲೆ ಹೊತ್ತ, ಮೂರು ಮೈಲಿ ನಡೆದ, ಮಕ್ಕಳೆಲ್ಲ ನೋಡುತ್ತಿದ್ದಂತೆ ಮೇಡಂ ಮುಂದೆ ಧೊಪ್ಪೆಂದು ಇಳಿಸಿದ!

"ಅಯ್ಯೋ! ಇದೇನು ತೊಗರಿಬೇಳೆಯೇ? ಹಸುಗೂಸನ್ನು ನೋಡಿಕೊಳ್ಳುವ ಹಾಗೆ ನೋಡಿಕೊಳ್ಳಬೇಕು! ಹೊದಿಸಿ, ಬೆಚ್ಚಗೆ ಎದೆಗೆ ಅವಚಿಕೊಂಡು!"

"ಹಂಗೇ ಆಗಲಿ ಮೇಡಂ. ಇನ್ಮೇಲೆ ಹಂಗೇ ಮಾಡ್ತೀನಿ."

ಮಂಗಳವಾರ ಸಾಕಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಸುಟ್ಟ ವಾಸನೆ ಬಂತು. ಸಾರು ನೋಡಿದಳು, ಸೀದಿಲ್ಲ. ಅನ್ನ ನೋಡಿದಳು, ಹೊತ್ತಿಲ್ಲ. ಮತ್ತೆ ಎಲ್ಲಿಂದ ಈ ವಾಸನೆ? ಸೌಟು ಹಿಡಿದೇ ತರಗತಿಗೆ ಓಡಿದಳು. ಪ್ರೊಜೆಕ್ಟರಿನ ದೀಪ ಉರಿಯುತ್ತಿದೆ. ಅದರ ಮೇಲೆ ಸಾಕಮ್ಮನದೇ ಕರಿ ಕಂಬಳಿ ಹೊದಿಸಿದೆ. ಓಬಳೇಶ ಅದನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ತಟ್ಟುತ್ತಿದ್ದಾನೆ. ಮಕ್ಕಳು ಸುತ್ತ ಕುಳಿತು ನೋಡುತ್ತಿದ್ದಾರೆ.

"ಶ್! ಮೆತ್ತಗೆ ಮಾತಾಡವ್ವ!"

ಸಾಕಮ್ಮ ಕಂಬಳಿ ಕಿತ್ತೆಸೆದಳು. ಸ್ವಿಚ್ಚು ಆರಿಸಿದಳು. ಪುಣ್ಯಕ್ಕೆ ಕಂಬಳಿ ಮಾತ್ರ ಕರಕಲಾಗಿತ್ತು.

"ನಿನ್ನ ಬುದ್ಧಿಗಿಷ್ಟು! ಬಿಸಿ ಕಾರೋದಕ್ಕೆ ಕಂಬಳಿ ಹೊದಿಸ್ತಾರೇನೋ? ನನ್ನ ಒಲೆ ನೋಡಿಲ್ವಾ? ಬಿಸಿ ಇದ್ದ ಕಡೆ ಕಿಟಕಿ ಬಾಗಿಲು ಎಲ್ಲಾ ತೆಗೆದು, ಗಾಳಿ ಬೆಳಕು ಆಡೋಕೆ ಬಿಡಬೇಕು ಕಣೋ!"

"ಹಂಗೇ ಆಗಲಿ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಬುಧವಾರ ಹಾಗೆಯೇ ಮಾಡಿದ. ನಾಲ್ಕು ಕಿಟಕಿ ತೆಗೆದ. ಎರಡು ಬಾಗಿಲು ತೆಗೆದ. ಸಾಲದೆಂದು ಏಣಿ ಹಾಕಿ ಸೂರಿನ ಎಂಟು ಹೆಂಚೂ ತೆಗೆದ. ಗಾಳಿ ಆಡಿತು. ಬೆಳಕು ಆಡಿತು. ಒಂದು ಕಾಗೆಯೂ ಬಂದು ಆಡಿತು. ಬಿಸಿಲು ಗೋಡೆ ತುಂಬಾ ಸುಣ್ಣ ಬಳಿದಂತೆ ಹೊಳೆಯಿತು. ಓಬಳೇಶ ಪ್ರೊಜೆಕ್ಟರು ಹಚ್ಚಿ, ಕೋಲು ಹಿಡಿದು, "ಇದು ಆನೆ" ಎಂದ.

"ಎಲ್ಲೈತೆ ಸಾರ್?" ಎಂದಳು ಮುಂದಿನ ಸಾಲಿನ ಚಂದ್ರಿ. ಎರಡು ಜಡೆಯ, ಒಂದು ಮಾತಿಗೆ ನಾಲ್ಕು ಮಾತಾಡುವ ಹುಡುಗಿ.

"ಇಲ್ಲೇ ಐತೆ, ನೋಡ್ರಿ."

"ಬರೀ ಗೋಡೆ ಐತೆ ಸಾರ್!"

ಮೇಡಂ ಬಂದರು. ಗೋಡೆ ನೋಡಿದರು. ಆಮೇಲೆ ತಲೆ ಎತ್ತಿ ಆಕಾಶ ನೋಡಿದರು. "ಓಬಳೇಶ್! ಚಿತ್ರ ಕಾಣಬೇಕಾದರೆ ಕತ್ತಲು ಬೇಕು! ಚಿತ್ರ ಅಂದರೆ ಮೊದಲು ಕಿಟಕಿ ಮುಚ್ಚು, ಬಾಗಿಲು ಮುಚ್ಚು, ದೀಪ ಆರಿಸು! ತಿಳಿಯಿತೇ?"

"ಹಂಗೇ ಆಗಲಿ ಮೇಡಂ. ಇನ್ಮೇಲೆ ಹಂಗೇ ಮಾಡ್ತೀನಿ."

ಗುರುವಾರ ಮೇಡಂ ಕಚೇರಿ ಕೆಲಸದ ನಡುವೆ ತಮ್ಮ ಮೊಬೈಲು ಅವನ ಕೈಗೆ ಕೊಟ್ಟರು. ಈಗೀಗ ಹಾಜರಿ ಕೂಗುವಂತಿಲ್ಲ. ಮೊಬೈಲಿನಲ್ಲಿ ಮಕ್ಕಳ ಮುಖದ ಚಿತ್ರ ತೆಗೆದರೆ, ಮುಖ ಗುರುತು ಹಿಡಿದು ಅದೇ ಲೆಕ್ಕ ಹೇಳುತ್ತದೆ. ಆ ಲೆಕ್ಕ ನೋಡಿಯೇ ಸಾಕಮ್ಮ ಒಲೆಗೆ ಅಕ್ಕಿ ಹಾಕಬೇಕು.

"ಎಲ್ಲ ಮಕ್ಕಳ ಚಿತ್ರ ತೆಗೆದು, ಲೆಕ್ಕ ಬರೆದ ಚೀಟಿ ಅಡುಗೆಮನೆಗೆ ಕೊಡು."

ಚಿತ್ರ! ಓಬಳೇಶನಿಗೆ ಪಾಠ ನೆನಪಿತ್ತು. ಕಿಟಕಿ ಮುಚ್ಚಿದ. ಬಾಗಿಲು ಮುಚ್ಚಿದ. ದೀಪ ಆರಿಸಿದ. ತೆಗೆದ ಹೆಂಚುಗಳನ್ನೂ ಹಿಂದಿನ ಸಂಜೆಯೇ ಮೇಲೇರಿ ಜೋಡಿಸಿದ್ದ. ತನ್ನ ಮೂಗು ತನಗೇ ಕಾಣದ ಕತ್ತಲಲ್ಲಿ ನಲವತ್ಮೂರು ಮಕ್ಕಳ ಚಿತ್ರ ತೆಗೆದ.

ಅಡುಗೆಮನೆಗೆ ಚೀಟಿ ಬಂತು. ಸಾಕಮ್ಮ ಓದಿದಳು. ಇಂದಿನ ಹಾಜರಿ: ಸೊನ್ನೆ.

ಸೊನ್ನೆ! ಹದಿನಾರು ವರ್ಷದಲ್ಲಿ ಜ್ವರದ ಕಾಲದಲ್ಲೂ ಸೊನ್ನೆ ಬಂದಿರಲಿಲ್ಲ. ಹೊರಗೆ ಬಂದು ನೋಡಿದರೆ ನಲವತ್ಮೂರು ಮಕ್ಕಳು ತಟ್ಟೆ ಬಡಿಯುತ್ತಾ ಸಾಲಾಗಿ ನಿಂತಿದ್ದಾರೆ.

"ಏನೋ ಇದು?"

"ಮೊಬೈಲು ಯಾರೂ ಇಲ್ಲ ಅಂತೈತೆ ಕಣವ್ವ. ನಾನೇನು ಮಾಡ್ಲಿ?"

"ಅದಕ್ಕೆ ಕಣ್ಣು ಕಾಣಲ್ಲ. ನಿನಗೂ ಕಾಣಲ್ವಾ?"

"ಕತ್ತಲಲ್ಲಿ ನನಗೂ ಕಾಣಲಿಲ್ಲ ಕಣವ್ವ."

ಮೇಡಂ ಮಕ್ಕಳನ್ನು ಅಂಗಳದ ಬೆಳಕಿನಲ್ಲಿ ನಿಲ್ಲಿಸಿ ಮತ್ತೆ ಚಿತ್ರ ತೆಗೆದರು. "ಮುಖಕ್ಕೆ ಬೆಳಕು ಬೀಳಬೇಕು!" ಎಂದು ಓಬಳೇಶನಿಗೆ ಬೈದದ್ದನ್ನು ನಲವತ್ಮೂರು ಮಕ್ಕಳೂ ಕೇಳಿಸಿಕೊಂಡರು. ಊಟ ಒಂದು ಗಂಟೆ ತಡವಾಯಿತು. ಸಾಕಮ್ಮನಿಗೆ ತಲೆ ಎತ್ತಲಾಗಲಿಲ್ಲ.

ಪಾತ್ರೆ ತೊಳೆಯುತ್ತಾ ಮಗನನ್ನು ಎದುರಿಗೆ ಕೂರಿಸಿಕೊಂಡಳು. ಬೈದು ಬೈದು ಬಾಯಿ ಒಣಗಿತ್ತು. ಕಣ್ಣು ಮಾತ್ರ ಒದ್ದೆಯಾಗಿತ್ತು. "ನೋಡಪ್ಪಾ ಓಬಳೇಶ, ನಾಳೆ ಕಡೇ ಪರೀಕ್ಷೆ. ನಿನ್ನ ಕಾಲಿಗೆ ಬೀಳ್ತೀನಿ. ಯಾವುದಕ್ಕೂ ಕೈ ಹಚ್ಚಬೇಡ. ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡು ನಿಂತ್ಕೊ. ಏನಿದ್ರೂ ಮಕ್ಕಳ ಕೈಲಿ ಮಾಡಿಸು. ಯಾರು ಏನೇ ಕೇಳಲಿ, 'ನೀವೇ ಹೇಳಿ ಮಕ್ಕಳೇ' ಅನ್ನು. ಇನ್ನೊಂದು ಮಾತು ಆಡಬೇಡ!"

"ಹಂಗೇ ಆಗಲಿ ಕಣವ್ವ. ಹಂಗೇ ಮಾಡ್ತೀನಿ."

ಶುಕ್ರವಾರ ಹತ್ತು ಗಂಟೆಗೆ ಪರೀಕ್ಷಕರಾದ ಜಯದೇವಪ್ಪನವರು ಬಂದರು. ಹಿಂದೆ ಎರಡು ಸಲ ಅವನನ್ನು ಫೇಲು ಮಾಡಿದವರು ಅವರೇ. ಹಿಂದಿನ ಬೆಂಚಿನಲ್ಲಿ ಲಲಿತಾಂಬ ಮೇಡಂ ಪಕ್ಕ ಕುಳಿತು ಅಂಕದ ಹಾಳೆ ಬಿಡಿಸಿದರು. ಸಾಕಮ್ಮ ಒಲೆ ಉರಿ ತಗ್ಗಿಸಿ, ಕಿಟಕಿಯ ಸರಳು ಹಿಡಿದು ಹೊರಗೆ ನಿಂತಳು.

ಓಬಳೇಶ ಬೆನ್ನ ಹಿಂದೆ ಕೈ ಕಟ್ಟಿ ಕಂಬದ ಹಾಗೆ ನಿಂತಿದ್ದ.

"ಏನಪ್ಪಾ, ಇವತ್ತು ಯಾವ ಪಾಠ?" ಎಂದರು ಜಯದೇವಪ್ಪ.

"ನೀವೇ ಹೇಳಿ ಮಕ್ಕಳೇ."

"ಕಾಡುಪ್ರಾಣಿ ಸಾರ್!" ಎಂದು ಮಕ್ಕಳು ಸೂರು ಹಾರುವಂತೆ ಕೂಗಿದರು.

ಜಯದೇವಪ್ಪ ಹುಬ್ಬೇರಿಸಿದರು. "ಸರಿ. ಪ್ರೊಜೆಕ್ಟರ್ ಎಲ್ಲಿ?"

"ನೀವೇ ಹೇಳಿ ಮಕ್ಕಳೇ."

ಚಂದ್ರಿ ಎದ್ದಳು. ಬೀರುವಿನಿಂದ ಪ್ರೊಜೆಕ್ಟರನ್ನು ಬಟ್ಟೆಯಲ್ಲಿ ಸುತ್ತಿ, ಎದೆಗವಚಿ, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ತಂದಳು. "ಇದನ್ನ ಮೂಟೆ ಹೊತ್ತಂಗೆ ಹೊರಬಾರದು ಸಾರ್. ಕೂಸು ಇದ್ದಂಗೆ." ಮೇಜಿನ ಮೇಲಿಟ್ಟು ಬಟ್ಟೆ ತೆಗೆದಳು. "ಹಚ್ಚಿದ ಮೇಲೆ ಹೊದಿಸಬಾರದು ಸಾರ್. ಕಂಬಳಿ ಸುಟ್ಟು ಹೋಗ್ತೈತೆ." ಇಬ್ಬರು ಓಡಿ ಕಿಟಕಿ ಮುಚ್ಚಿದರು. ಸಾಕಮ್ಮ ನಿಂತ ಕಿಟಕಿಯನ್ನು ಮಾತ್ರ ಒಂದು ಬೆರಳಷ್ಟು ಬಿಟ್ಟರು. "ಬೆಳಕು ಬಂದರೆ ಆನೆ ಕಾಣಲ್ಲ ಸಾರ್!"

ಆನೆ ಬಂತು. ತಲೆಕೆಳಗಾಗಿ ಬಂತು! ನಾಲ್ಕು ಕಾಲು ಮೇಲೆ, ಬೆನ್ನು ಕೆಳಗೆ. ಕಿಟಕಿಯಾಚೆ ಸಾಕಮ್ಮ ಸಂದಿಗೆ ಕಣ್ಣು ಇನ್ನಷ್ಟು ಒತ್ತಿದಳು.

"ಓಬಳೇಶ್, ಇದೇನಿದು? ಸರಿ ಮಾಡು" ಎಂದರು ಜಯದೇವಪ್ಪ.

ಓಬಳೇಶನ ಬೆರಳು ಬೆನ್ನ ಹಿಂದೆ ಮಿಸುಕಾಡಿತು. ಕೈ ಮಾತ್ರ ಅಲುಗಲಿಲ್ಲ. "ನೀವೇ ಹೇಳಿ ಮಕ್ಕಳೇ!"

ಮಕ್ಕಳು ಗುಂಪುಗೂಡಿದರು. ಒಬ್ಬ ಲ್ಯಾಪ್‌ಟಾಪು ತಿರುಗಿಸಿದ, ಆನೆ ತಿರುಗಲಿಲ್ಲ. ಒಬ್ಬಳು ತಾನೇ ತಲೆಕೆಳಗಾಗಿ ನೋಡಿದಳು, "ನನಗೆ ಸರಿ ಕಾಣ್ತೈತೆ!" ಎಂದಳು. ಎಲ್ಲರೂ ನಕ್ಕರು. ಕಡೆಗೆ ಚಂದ್ರಿ, "ಪ್ರೊಜೆಕ್ಟರ್ರೇ ಮಗುಚಿ ಕೂತೈತೆ ಕಣ್ರೋ!" ಎಂದು ಅದನ್ನು ಸರಿಯಾಗಿ ಕೂರಿಸಿದಳು. ಆನೆ ನೆಟ್ಟಗೆ ನಿಂತಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಹುಲಿ ಬಂತು, ಕರಡಿ ಬಂತು, ಜಿಂಕೆ ಬಂತು. ಯಾವುದು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಎಲ್ಲವನ್ನೂ ಮಕ್ಕಳೇ ಹೇಳಿದರು, ಮಕ್ಕಳೇ ಜಗಳವಾಡಿದರು, ಮಕ್ಕಳೇ ತಿದ್ದಿಕೊಂಡರು. ಪಾಠ ಮುಗಿಯುತ್ತಲೇ ಕಿಟಕಿ ತೆರೆದು, "ಈಗ ಹಾಜರಿ ಚಿತ್ರ ಸಾರ್, ಮುಖಕ್ಕೆ ಬೆಳಕು ಬೇಕು!" ಎಂದು ಸಾಲಾಗಿ ನಿಂತರು.

"ಇಷ್ಟೆಲ್ಲ ನಿಮಗೆ ಕಲಿಸಿದವರು ಯಾರು?"

"ನಮ್ಮ ಓಬಳೇಶ ಸಾರ್!"

"ಹೇಗೆ ಕಲಿಸಿದರು?"

"ದಿನಾ ಒಂದೊಂದು ತಪ್ಪು ಮಾಡಿ ತೋರಿಸ್ತಾರೆ ಸಾರ್!"

ಜಯದೇವಪ್ಪ ಅಂಕದ ಹಾಳೆ ಮುಂದಕ್ಕೆಳೆದು ಪೆನ್ನು ತೆಗೆದರು. ಆಮೇಲೆ ಲಲಿತಾಂಬ ಮೇಡಂ ಕಡೆ ತಿರುಗಿದರು. "ಮೇಡಂ, ಮಕ್ಕಳ ಕೈಯಲ್ಲಿ ಮಾಡಿಸಿ, ನೀವು ಸುಮ್ಮನಿರಿ ಅಂತ ಇಪ್ಪತ್ತೆರಡು ವರ್ಷದಿಂದ ಹೇಳುತ್ತಾ ಬಂದೆ. ಮುಕ್ಕಾಲು ಗಂಟೆ ಕೈ ಕಟ್ಟಿ ಸುಮ್ಮನಿದ್ದ ಮೇಷ್ಟ್ರನ್ನು ಇವತ್ತೇ ನೋಡಿದ್ದು!" ಐವತ್ತಕ್ಕೆ ನಲವತ್ತೆಂಟು ಹಾಕಿದರು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಸಾಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ತಗೊಳಪ್ಪಾ, ಇಲ್ಲಿ ಸಹಿ ಹಾಕು" ಎಂದು ಜಯದೇವಪ್ಪ ಅಂಕದ ಹಾಳೆಯನ್ನು ಓಬಳೇಶನ ಮುಂದಿಟ್ಟರು.

ಓಬಳೇಶನ ಕೈ ಬೆನ್ನ ಹಿಂದೆಯೇ ಇತ್ತು. ಏನಿದ್ದರೂ ಮಕ್ಕಳ ಕೈಯಲ್ಲಿ ಮಾಡಿಸಬೇಕು ತಾನೇ? ಚಂದ್ರಿಯತ್ತ ನೋಡಿದ. ಚಂದ್ರಿ ಪೆನ್ನು ತೆಗೆದುಕೊಂಡು, ನಾಲಿಗೆ ಹೊರಚಾಚಿ, ದಪ್ಪ ಅಕ್ಷರದಲ್ಲಿ ಬರೆದಳು: ಚಂದ್ರಿ, ಮೂರನೇ ಕ್ಲಾಸು.

"ಅಯ್ಯೋ ಮಂಕೇ!" ಸಾಕಮ್ಮ ಕಿಟಕಿಯಿಂದಲೇ ಕಿರುಚಿದಳು. "ಪಾಸಾಗಿದ್ದು ನೀನೋ ಅವಳೋ? ಬಿಚ್ಚೋ ಕೈಯ! ಇನ್ಮೇಲೆ ಯಾವ ಹಾಳೆ, ಯಾವ ಪುಸ್ತಕ ಮುಂದೆ ಬಂದರೂ ಇನ್ನೊಬ್ಬರ ಕೈಗೆ ಕೊಡಬೇಡ. ನೀನೇ ಬರಿ!"

"ಹಂಗೇ ಆಗಲಿ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಜಯದೇವಪ್ಪ ನಗುತ್ತಲೇ ಚಂದ್ರಿಯ ಹೆಸರು ಹೊಡೆದುಹಾಕಿಸಿ, ಅದರ ಕೆಳಗೆ ಓಬಳೇಶನ ಸಹಿ ಹಾಕಿಸಿಕೊಂಡು ಹೊರಟರು. ಮೇಡಂ ತಾವೇ ಅವನನ್ನು ಅಡುಗೆಮನೆಗೆ ಕರೆತಂದರು. ಓಬಳೇಶ ಒಂದು ತುತ್ತು ಅನ್ನ ಸಾರು ತಿಂದ. ಗೋಡೆಯ ಪುಸ್ತಕ ಮುಂದೆ ಬಂತು. ಅವನೇ ಬರೆದ. ಹದಿನಾರು ವರ್ಷದಿಂದ ಕಾಣದ ಸಹಿ ಕಂಡಿತು. ಸಾಕಮ್ಮ ಅದನ್ನು ಬೆರಳಿನಿಂದ ಮುಟ್ಟಲಿಲ್ಲ, ಎಲ್ಲಿ ಅಳಿಸೀತೋ ಎಂದು.

ಮಧ್ಯಾಹ್ನ ಮೇಡಂ ಹೇಳಿದರು, "ಓಬಳೇಶ್ ಮೇಷ್ಟ್ರೇ, ಎಲ್ಲ ಮಕ್ಕಳನ್ನೂ ಕೂರಿಸಿಕೊಂಡು ಹತ್ತು ಪದ ಉಕ್ತಲೇಖನ ಕೊಡಿ."

ಮೇಷ್ಟ್ರೇ ಎಂದರು! ಸಾಕಮ್ಮ ಕೇಳಿಸಿಕೊಂಡಳು. ಹಂಡೆ ಉಜ್ಜುವ ಕೈಗೆ ಹತ್ತಾನೆ ಬಲ ಬಂತು. ಒಂದು ಗಂಟೆಯಾಯಿತು. ಮಕ್ಕಳ ಸದ್ದಿಲ್ಲ. ಏನಿಷ್ಟು ಶಿಸ್ತು ಎಂದು ಬಾಗಿಲಿಗೆ ಬಂದು ಇಣುಕಿದಳು.

ನಲವತ್ಮೂರು ಮಕ್ಕಳೂ ಬೆನ್ನ ಹಿಂದೆ ಕೈ ಕಟ್ಟಿ ಕೂತಿದ್ದರು. ನಲವತ್ಮೂರು ಪುಸ್ತಕಗಳೂ ಓಬಳೇಶನ ಮುಂದಿದ್ದವು. ಅವನು ಬೆವರು ಸುರಿಸಿಕೊಂಡು, ಒಂದೊಂದರಲ್ಲೂ ಹತ್ತು ಹತ್ತು ಪದ ಬರೆದು, ಒಂದೊಂದಕ್ಕೂ ಹತ್ತಕ್ಕೆ ಹತ್ತು ಹಾಕಿ, ಒಂದೊಂದರ ಕೆಳಗೂ ತನ್ನದೇ ಸಹಿ ಮಾಡುತ್ತಿದ್ದ.

"ಸಾಕಾಯ್ತು, ಇನ್ನೆಷ್ಟು ಪುಸ್ತಕ ಉಳಿದಾವೆ?" ಎಂದು ಅವನು ಬೆರಳು ಜಾಡಿಸಿಕೊಂಡು ಕೇಳಿದ.

ಮಕ್ಕಳೆಲ್ಲ ಒಂದೇ ದನಿಯಲ್ಲಿ ಕೂಗಿದರು:

"ನೀವೇ ಹೇಳಿ ಸಾರ್!"