ಹೆಪ್ಪಿನ ದಿನ್ನಿಗೆ ಆ ಹೆಸರು ಬಂದದ್ದು

ಹಿರೇಬಾವಿಯಿಂದ ಕಪ್ಪರಗಿಗೆ ಹೋಗುವ ದಾರಿಯಲ್ಲಿ, ಹಳ್ಳದ ಸೇತುವೆ ದಾಟಿದ ಕೂಡಲೇ ಬಲಗಡೆಗೆ ಒಂದು ದಿನ್ನಿ ಕಾಣುತ್ತದೆ. ಗುಡ್ಡ ಎನ್ನುವಷ್ಟು ಎತ್ತರವಿಲ್ಲ, ಬಯಲು ಎಂದರೆ ಅದಕ್ಕೆ ಸಿಟ್ಟು ಬಂದೀತು. ಅದರ ನೆತ್ತಿಯ ಮೇಲೆ ಕಲ್ಲಿನ ಗೋಡೆಯ ಒಂದು ಸರ್ಕಾರಿ ಪ್ರೌಢಶಾಲೆ, ಸುತ್ತ ಬೇವಿನ ಮರಗಳು, ಕೆಳಗೆ ಬಸ್ಸು ನಿಲ್ಲುವ ಜಾಗ. ಕಂಡಕ್ಟರು "ಹೆಪ್ಪಿನ ದಿನ್ನಿ ಯಾರ್ರೀ, ಇಳೀರಿ" ಎಂದು ಕೂಗಿದಾಗ ಹೊಸಬರು ಕಿಟಕಿಯಿಂದ ಹಣಕಿ ಹಾಲಿನ ಡೇರಿ ಎಲ್ಲಿದೆ ಎಂದು ಹುಡುಕುತ್ತಾರೆ. ಡೇರಿ ಇಲ್ಲ, ದನದ ಕೊಟ್ಟಿಗೆಯೂ ಇಲ್ಲ. ಒಮ್ಮೆ ಪಟ್ಟಣದ ಕಾಲೇಜಿನಿಂದ ಬಂದ ಪಂಡಿತರೊಬ್ಬರು ಇಲ್ಲಿ ದೊಡ್ಡ ಕಾಳಗ ನಡೆದು ವೀರರ ರಕ್ತ ಹೆಪ್ಪುಗಟ್ಟಿದ್ದರಿಂದ ಈ ಹೆಸರು ಬಂತೆಂದು ಭಾಷಣ ಮಾಡಿ ಹಾರ ಹಾಕಿಸಿಕೊಂಡು ಹೋದರು. ಕಪ್ಪರಗಿಯ ಹಿರಿಯರು ಮುಂದಿನ ಸಾಲಿನಲ್ಲಿ ಕೂತು ಕೇಳಿ, ಚಪ್ಪಾಳೆಯನ್ನೂ ತಟ್ಟಿ, ಮನೆಗೆ ಬಂದು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಈ ಊರಿನವರು ಬಾಯೊಂದನ್ನು ಬಿಟ್ಟು ಬೇರೆ ಯಾವ ಆಯುಧದಿಂದಲೂ ಹೊಡೆದಾಡಿದವರಲ್ಲ. ಹೆಸರು ಬಂದದ್ದು ಬಾಳವ್ವನೆಂಬ ಮುದುಕಿಯಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ, ಹಳ್ಳಕ್ಕೆ ಸೇತುವೆ ಇಲ್ಲದಿದ್ದ ಕಾಲದಲ್ಲಿ, ಈ ದಿನ್ನಿಯ ಮೇಲಿದ್ದದ್ದು ತಗಡಿನ ಮಾಡಿನ ಒಂದೆರಡು ಕೋಣೆ ಮಾತ್ರ. ಅದು ಸ್ವಂತ ಶಾಲೆಯಲ್ಲ, ಹಿರೇಬಾವಿ ಹೈಸ್ಕೂಲಿನ ವಿಸ್ತರಣಾ ಶಾಖೆ. ಎಂಟನೆಯದು, ಒಂಬತ್ತನೆಯದು ಇಲ್ಲಿ, ಹತ್ತನೆಯದಕ್ಕೆ ಹಳ್ಳ ದಾಟಿ ಹಿರೇಬಾವಿಗೆ ಹೋಗಬೇಕು. ಮೊಹರು ಅಲ್ಲಿಯದು, ಹೆಡ್‌ಮಾಸ್ತರರು ಅಲ್ಲಿಯವರು, ಧ್ವಜ ಏರುವುದೂ ಅಲ್ಲಿಯೇ. ಕಪ್ಪರಗಿಯ ಹುಡುಗ ಓಟದಲ್ಲಿ ಮೊದಲು ಬಂದರೆ ಬಹುಮಾನದ ಕಪ್ಪು ಹಿರೇಬಾವಿಯ ಕಪಾಟಿಗೆ ಹೋಗುತ್ತಿತ್ತು. ಅದನ್ನೆಲ್ಲ ಊರು ಹೇಗೋ ನುಂಗಿಕೊಂಡಿತ್ತು. ನುಂಗಲಾಗದ ಸಂಗತಿ ಒಂದೇ. ಗಂಡುಹುಡುಗರು ಪಂಚೆ ಎತ್ತಿ ಹಳ್ಳ ದಾಟಿ ಹತ್ತನೆಯದು ಓದಿಬರುತ್ತಿದ್ದರು. ಹೆಣ್ಣುಮಕ್ಕಳ ಓದು ಮಾತ್ರ ಹಳ್ಳದ ಈಚೆ ದಂಡೆಗೇ ಮುಗಿಯುತ್ತಿತ್ತು. ಒಂಬತ್ತು ಮುಗಿಸಿದ ಹುಡುಗಿ ಮನೆಯಲ್ಲಿ ಕೂತಳೆಂದರೆ ಗಂಡಿನ ಕಡೆಯವರು ಬರುವುದಕ್ಕೆ ಹೆಚ್ಚು ದಿನ ಬೇಕಿರಲಿಲ್ಲ.

ಬಾಳವ್ವನ ಮೊಮ್ಮಗಳು ಕಸ್ತೂರಿ ಆ ವರ್ಷ ಒಂಬತ್ತು ಮುಗಿಸಿದ್ದಳು. ಓದು ಅವಳಿಗೆ ಊಟಕ್ಕಿಂತ ಹೆಚ್ಚು. ರೊಟ್ಟಿ ಬೇಯಿಸುತ್ತ ಪಾಠ ಒಪ್ಪಿಸುವಳು, ಅಜ್ಜಿ ಏನೂ ತಿಳಿಯದೆಯೂ ಹೂಂಗುಟ್ಟುವಳು. ಅಪ್ಪ ಯಮನಪ್ಪ, ಬಾಳವ್ವನ ಮಗ, ಕಲ್ಲು ಕೆಲಸದವನು. ಮಗಳ ಮೇಲೆ ಪ್ರೀತಿಯಿತ್ತು, ಊರ ಮಾತಿನ ಭಯ ಅದಕ್ಕಿಂತ ಒಂದು ತೂಕ ಹೆಚ್ಚಿತ್ತು. "ಇಲ್ಲೇ ಹತ್ತನೇತ್ತ ಇದ್ರ ಓದ್ಲಿ, ಬ್ಯಾಡ ಅನ್ನಾಂಗಿಲ್ಲ. ಹಳ್ಳ ದಾಟಿ ಮಾತ್ರ ಕಳಸಾಂಗಿಲ್ಲ" ಎಂದು ಒಂದೇ ಪಟ್ಟು ಹಿಡಿದಿದ್ದ. ಪಕ್ಕದ ತಾಲೂಕಿನಿಂದ ಒಂದು ಸಂಬಂಧ ಬಂದು ಉತ್ತರಕ್ಕೆ ಕಾದು ಕುಳಿತಿತ್ತು. ಬಾಳವ್ವನಿಗೆ ಮೊಮ್ಮಗಳು ಓದಬೇಕು ಎಂಬುದರ ಹೊರತು ಬೇರೆ ಆಸೆ ಉಳಿದಿರಲಿಲ್ಲ. ಯಾಕೆ ಎಂದು ಕೇಳಿದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ, ಕಣ್ಣು ಮಾತ್ರ ತುಂಬಿಬರುತ್ತಿತ್ತು.

ಅದೇ ಬೇಸಿಗೆಯಲ್ಲಿ ಸರ್ಕಾರದ ಆದೇಶ ಬಂತು. ಜೂನಿನಿಂದ ಕಪ್ಪರಗಿಯ ಶಾಖೆ ಸ್ವತಂತ್ರ ಪ್ರೌಢಶಾಲೆ, ಹತ್ತನೆಯ ತರಗತಿಯೂ ಅಲ್ಲಿಯೇ. ಶಾಖೆಯನ್ನು ನೋಡಿಕೊಳ್ಳುತ್ತಿದ್ದ ಇಮಾಮಸಾಬ ಮಾಸ್ತರರು ಆದೇಶವನ್ನು ಕಟ್ಟೆಯ ಮೇಲೆ ಓದಿದಾಗ ಊರು ಸಕ್ಕರೆ ಹಂಚಿತು. ಆದರೆ ಕೊನೆಯಲ್ಲಿ ಒಂದು ಕರಾರಿತ್ತು: ಶಾಲೆ ತೆರೆದ ಮೇಲೆ ಅಧಿಕಾರಿ ಬಂದು ನೋಡುತ್ತಾರೆ, ಹತ್ತನೆಯ ತರಗತಿಯಲ್ಲಿ ಸಾಕಷ್ಟು ಮಕ್ಕಳಿರದಿದ್ದರೆ ಆದೇಶ ರದ್ದು, ಶಾಲೆ ಮತ್ತೆ ಶಾಖೆ. ಆಗ ಸಕ್ಕರೆ ಹಂಚಿದವರೇ ಹಿಂದೆ ಸರಿದರು. ಹತ್ತನೆಯದೆಂದರೆ ಮಕ್ಕಳ ಜೀವನದ ಪ್ರಶ್ನೆ, ನಿನ್ನೆ ಹುಟ್ಟಿದ ಶಾಲೆಯನ್ನು ನಂಬುವುದು ಹೇಗೆ ಎಂದು ಗಂಡುಮಕ್ಕಳ ಹೆಸರನ್ನೆಲ್ಲ ಹಿರೇಬಾವಿಯಲ್ಲಿ ಹಚ್ಚಿಸಿ ಬಂದರು. ಸ್ವಂತ ಶಾಲೆ ಬೇಕು, ತಮ್ಮ ಮಕ್ಕಳು ಮಾತ್ರ ಬೇರೆ ಕಡೆ ಕಲಿಯಬೇಕು. ಈ ಬುದ್ಧಿ ಕಪ್ಪರಗಿಗೆ ಮಾತ್ರ ಮೀಸಲಲ್ಲ ಎಂದು ಹೇಳಿ ಮುಂದೆ ಹೋಗುತ್ತೇನೆ. ಜೂನಿನಲ್ಲಿ ಮಾಸ್ತರರು ಹತ್ತನೆಯ ತರಗತಿಗೆಂದು ಸುಣ್ಣ ಬಳಿದ ಕೋಣೆಯ ಬೀಗ ತೆಗೆಯಲು ಬಂದಾಗ ಎದುರಿಗಿದ್ದದ್ದು ಕಸ್ತೂರಿ, ಅವಳ ಒಂದಿಬ್ಬರು ಗೆಳತಿಯರು, ಮತ್ತು ಹೊಸ್ತಿಲ ಮೇಲೆ ಕಾಲು ಚಾಚಿ ಕೂತ ಬಾಳವ್ವ.

ಬಾಳವ್ವನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಅಣ್ಣತಮ್ಮಂದಿರು ಬೇರೆಯಾಗುವಾಗ ಪಾತ್ರೆಪಗಡಿ ಹಂಚಲು ಊರವರು ಅವಳನ್ನೇ ಕರೆಯುತ್ತಿದ್ದರು. ಅವಳು ನಿಂತು ಮಾಡಿದ ಪಾಲಿನಲ್ಲಿ ಜಗಳವಾದದ್ದಿಲ್ಲ. ಅವಳದೊಂದು ಕಟ್ಟಳೆ: ಬೇರೆ ಹೋಗುವವರು ತಾವು ಬಿಟ್ಟುಹೋಗುವ ದೊಡ್ಡಮನೆಗೆ ಹೇಳಿ, ಅಲ್ಲಿಂದ ಒಂದು ಕುಡಿಕೆ ಹೆಪ್ಪು ತಂದು ಹೊಸ ಮನೆಯಲ್ಲಿ ಹಾಲಿಗೆ ಹಾಕಬೇಕು. ಮೊಸರಾದ ಮೇಲೆ ಹೆಪ್ಪು ಕೊಟ್ಟವರೇ ಬಂದು ಮೊದಲ ಸೌಟು ಉಣ್ಣಬೇಕು. ಅಲ್ಲಿಯತನಕ ಹೊಸ ಮನೆ ಮನೆಯೇ ಅಲ್ಲ. ಶಾಲೆಗೂ ಇದೇ ಕಾಯಿದೆ ಎಂದು ಅವಳು ಸಂಶಯವಿಲ್ಲದೆ ನಂಬಿದ್ದಳು.

"ಹೆಪ್ಪು ತಂದೀರೇನ್ರಿ ಮಾಸ್ತರ?" ಎಂದು ಕೇಳಿದಳು.

ಮಾಸ್ತರರಿಗೆ ತಿಳಿಯಲಿಲ್ಲ. ತಿಳಿದ ಮೇಲೆ ನಗಬೇಕೋ ಅಳಬೇಕೋ ತೋಚಲಿಲ್ಲ. "ಯವ್ವಾ, ಇದು ಸರಕಾರದ ಆದೇಶ. ಇದಕ್ಕ ಹೆಪ್ಪು ಗಿಪ್ಪು ಬೇಕಾಗಾಂಗಿಲ್ಲ."

"ಸರಕಾರ ಯಾವಾಗರ ಮನಿ ಬ್ಯಾರೆ ಮಾಡೈತೇನು? ದೊಡ್ಡಮನಿಗಿ ಹೇಳಲಾರದ ಬಂದೀರಿ, ಹುಡುಗ್ರು ಬರಾಕವಲ್ವು ಅಂದ್ರ ಹ್ಯಾಂಗ ಬರ್ತಾವು? ಏಳ್ರಿ, ಹೋಗಿ ಇಸಗೊಂಡು ಬರೂಣು."

ಮುದುಕಿಯನ್ನು ಹೊಸ್ತಿಲಿಂದ ಎಬ್ಬಿಸುವ ಗಂಡಸು ಊರಲ್ಲಿರಲಿಲ್ಲ. ಅವಳು ಕುಡಿಕೆ ಹಿಡಿದು ಮುಂದೆ, ಮಾಸ್ತರರು ಕೊಡೆಯಿಂದ ಮುಖ ಮರೆಸಿಕೊಂಡು ಹಿಂದೆ, ಹೀಗೆ ಇಬ್ಬರೂ ಹಳ್ಳ ದಾಟಿ ಹಿರೇಬಾವಿಯ ಹೆಡ್‌ಮಾಸ್ತರರ ಮನೆಗೆ ಹೋದರು.

ಅಲ್ಲಿಯ ಹೆಡ್‌ಮಾಸ್ತರರು ಜಹಗೀರದಾರರು. ಗಣಿತ ಅವರ ಬಾಯಲ್ಲಿ ಹಾಡಿನಂತೆ ಬರುತ್ತಿತ್ತು, ಮಾತು ಮಾತ್ರ ಕಡ್ಡಿ ಮುರಿದಂತೆ. ಹಿಂದೆ ಹೆಗಲ ಮೇಲೆ ಕರಿಹಲಗೆ ಹೊತ್ತು ದಿನ್ನಿಗೆ ಬಂದು ಬೇವಿನ ನೆರಳಲ್ಲಿ ಶಾಖೆ ಆರಂಭಿಸಿದವರು ಅವರೇ. ಇಮಾಮಸಾಬರು ಬಂದ ಕಾರಣ ಹೇಳಿದಾಗ ಜಹಗೀರದಾರರ ಮುಖ ಕೆಂಪಾಯಿತು. "ಬೇರೆ ಆಗೋದು ನಿಮ್ಮ ಹಕ್ಕು, ಆಗ್ರಿ. ಆದರ ನನಗ ಸುದ್ದಿ ತಿಳದದ್ದು ಟಪಾಲಿನಿಂದ. ನಿಮ್ಮೂರಾಗ ಒಬ್ಬನರ ಬಂದು ಹಿಂಗದ ಅಂತ ಹೇಳಿದ್ನೇನು? ಈಗ ಹೆಪ್ಪು ಕೇಳಲಿಕ್ಕೆ ಬಂದೀರಿ. ಕಾಯಿದೇದಾಗ ಹೆಪ್ಪಿಲ್ಲ" ಎಂದು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಇಮಾಮಸಾಬರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆದೇಶ ಬಂದ ಸಂಭ್ರಮದಲ್ಲಿ ಈ ಮನುಷ್ಯನ ನೆನಪು ಯಾರಿಗೂ ಆಗಿರಲಿಲ್ಲವೆಂಬುದು ನಿಜ.

ಬಾಳವ್ವನಿಗೆ ಮಾತ್ರ ಬೇಜಾರಾಗಲಿಲ್ಲ. ಪಾಲಿನ ಹೊತ್ತಿನಲ್ಲಿ ದೊಡ್ಡಣ್ಣಂದಿರು ಹೀಗೆ ಮುಖ ತಿರುಗಿಸುವುದನ್ನು ಅವಳು ಬೇಕಾದಷ್ಟು ಕಂಡಿದ್ದಳು. "ತಪ್ಪಾತ್ರೀ ಯಪ್ಪಾ, ಹೇಳಬೇಕಿತ್ತು. ಅದಕ್ಕ ಬಂದೇನಿ" ಎಂದು ಕಟ್ಟೆಯ ಮೇಲೆ ಕುಡಿಕೆ ಇಟ್ಟು ಅಲ್ಲೇ ಕೂತಳು. ಅಷ್ಟರಲ್ಲಿ ಹೆಡ್‌ಮಾಸ್ತರರ ಹೆಂಡತಿ ಸುಭದ್ರಾಬಾಯಿ ಹೊರಗೆ ಬಂದರು. ಅವರು ಏನನ್ನೂ ಕೇಳಲಿಲ್ಲ. ಹೊಸ್ತಿಲಿಗೆ ಬಂದ ಖಾಲಿ ಕುಡಿಕೆಯನ್ನು ಹಾಗೆಯೇ ಕಳಿಸುವ ಹೆಂಗಸು ಈ ಸೀಮೆಯಲ್ಲಿ ಹುಟ್ಟಿಲ್ಲ. ಒಳಗೊಯ್ದು ಗಟ್ಟಿ ಹೆಪ್ಪು ಹಾಕಿ, ಬಾಯಿಗೆ ಎಲೆ ಕಟ್ಟಿ ಕೊಟ್ಟರು. ಬಾಳವ್ವ ಅದನ್ನು ಕಣ್ಣಿಗೊತ್ತಿಕೊಂಡು, "ನಾಳೆ ಮುಂಜಾನಿ ಇಬ್ರೂ ಬರ್ರಿ, ಮೊದಲ ಸೌಟು ನಿಮ್ದ" ಎಂದು ಎದ್ದಳು. ಪತ್ರಿಕೆ ಅಲುಗಾಡಲಿಲ್ಲ.

ಮರಳುವ ದಾರಿಯುದ್ದಕ್ಕೂ ಇಮಾಮಸಾಬರು ಮೊಸರಿನಿಂದ ತರಗತಿ ತುಂಬುವುದಿಲ್ಲವೆಂದು ಗೊಣಗುತ್ತ ಬಂದರು. ಬಾಳವ್ವ ಮನೆಮನೆಯ ಹಾಲನ್ನು ದಿನ್ನಿಗೆ ತರಿಸಿದಳು. ಮಕ್ಕಳನ್ನು ಕಳಿಸಲು ಹಿಂಜರಿದವರು ಹಾಲು ಕಳಿಸಲು ಹಿಂಜರಿಯಲಿಲ್ಲ, ಅದೊಂದು ಒಳ್ಳೆಯ ಗುಣ. ಹದವಾಗಿ ಕಾಸಿ, ಹೆಪ್ಪು ಹಾಕಿ, ಮಣ್ಣಿನ ಹರವಿಯನ್ನು ಹೊಸ ಕೋಣೆಯಲ್ಲಿಟ್ಟರು. ಅತ್ತ ಹಿರೇಬಾವಿಯಲ್ಲಿ ಸುಭದ್ರಾಬಾಯಿ ಗಂಡನಿಗೆ ಬಡಿಸುತ್ತ, "ಕೈಯಾರೆ ಹೆಪ್ಪು ಕೊಟ್ಟೀನಿ. ಉಣ್ಣಲಿಕ್ಕೆ ಹೋಗಲಿಲ್ಲ ಅಂದ್ರ ಅರೆಮನಸ್ಸಿಂದ ಕೊಟ್ಟಂಗ ಆಗತದ. ನೀವು ಬರದಿದ್ರ ನಾ ಒಬ್ಬಾಕೀನೆ ಹೋಗ್ತೀನಿ" ಎಂದರಂತೆ. ಜಹಗೀರದಾರರು ಇಲಾಖೆಗೆ ಹೆದರಿದವರಲ್ಲ. ಆದರೆ ಈ ದನಿ ಇಲಾಖೆಯದಾಗಿರಲಿಲ್ಲ.

ಮರುದಿನ ಬೆಳಗ್ಗೆ ಕಪ್ಪರಗಿಯ ಹುಡುಗರು ಎಂದಿನಂತೆ ಪಾಟೀಚೀಲ ತಲೆಯ ಮೇಲಿಟ್ಟುಕೊಂಡು ಹಳ್ಳಕ್ಕಿಳಿದರು. ನಡುನೀರಿಗೆ ಬಂದಾಗ ಎದುರಿನಿಂದ, ಧೋತರ ಮೊಣಕಾಲಿಗೆ ಎತ್ತಿಕಟ್ಟಿ, ಬೂಟು ಕೈಯಲ್ಲಿ ಹಿಡಿದು, ಸಾಕ್ಷಾತ್ ಹೆಡ್‌ಮಾಸ್ತರರೇ ಬರುತ್ತಿದ್ದರು. ಹಿಂದೆ ಸುಭದ್ರಾಬಾಯಿ. ಹುಡುಗರು ಹಿರೇಬಾವಿಯ ಶಾಲೆಗೆ ಹೊರಟಿದ್ದರೆ ಆ ಶಾಲೆಯೇ ಹುಡುಗರ ಊರಿಗೆ ಹೊರಟಂತಿತ್ತು. ಹೆಡ್‌ಮಾಸ್ತರರು ಅವರನ್ನು ದಾಟಿ ನಡೆದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು, ಬಳಿಕ ನೀರಲ್ಲೇ ತಿರುಗಿ ಅವರ ಬೆನ್ನು ಹಿಡಿದರು.

ಮೊಸರು ಎಷ್ಟು ಗಟ್ಟಿಯಾಗಿತ್ತೆಂದರೆ ನೆಟ್ಟ ಸೌಟು ನೆಟ್ಟಂತೆಯೇ ನಿಂತಿತ್ತು ಎನ್ನುತ್ತಾರೆ. ಅರ್ಧ ನಂಬಬಹುದು. ಬಾಳವ್ವ ಗಂಡ ಹೆಂಡಿರನ್ನು ಹೊಸ ಕೋಣೆಯಲ್ಲಿ ಚಾಪೆಯ ಮೇಲೆ ಕೂಡ್ರಿಸಿ ಬಡಿಸಿದಳು. ಜಹಗೀರದಾರರು ಎರಡನೆಯ ಸಲವೂ ಹಾಕಿಸಿಕೊಂಡರು. ಬೇವಿನ ಗಿಡ ನೋಡಿದರು, ತಾವು ಹೊತ್ತು ತಂದ ಕರಿಹಲಗೆ ನೋಡಿದರು, ಅದರ ಮುಂದೆ ಕೂತ ಕಸ್ತೂರಿಯನ್ನೂ ಅವಳ ಗೆಳತಿಯರನ್ನೂ ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತೆಂದು ಕಂಡವರು ಹೇಳಿದ್ದಾರೆ. ಬಳಿಕ ಬಾಗಿಲಲ್ಲಿ ಗುಂಪುಗಟ್ಟಿದ ಹುಡುಗರ ಕಡೆ ತಿರುಗಿ, "ನೀವ್ಯಾಕ ಇಲ್ಲಿ?" ಎಂದು ಗದರಿದರು.

"ನೀವ ಇಲ್ಲಿ ಬಂದೀರಲ್ರಿ ಸರ" ಎಂದ ಒಬ್ಬ.

ಹೆಡ್‌ಮಾಸ್ತರರು ನಕ್ಕದ್ದನ್ನು ಆ ಹುಡುಗರು ಅಂದೇ ಮೊದಲು ಕಂಡದ್ದು. ಕೈ ತೊಳೆದು ಸುಣ್ಣದ ಕಡ್ಡಿ ಎತ್ತಿಕೊಂಡು, "ಹಂಗಾದ್ರ ಒಳಗ ಬರ್ರಿ" ಎಂದರು. ಮಕ್ಕಳು ಎಲ್ಲಿ ಹೋದರೆಂದು ಓಡಿಬಂದ ತಂದೆತಾಯಿಗಳಿಗೆ ಕಿಟಕಿಯಲ್ಲಿ ಕಂಡದ್ದು ಬೀಜಗಣಿತ. ಈ ವರ್ಷ ಶನಿವಾರ, ಭಾನುವಾರ ತಾವೇ ಬಂದು ಗಣಿತ ಕಲಿಸುವುದಾಗಿ, ಉಳಿದದ್ದನ್ನು ಇಮಾಮಸಾಬರು ತಮಗಿಂತ ಚೆನ್ನಾಗಿ ಕಲಿಸುತ್ತಾರೆಂದು ಅವರು ಅಲ್ಲಿಯೇ ಸಾರಿದರು. ಆ ವಾರವೇ ಹುಡುಗರ ಹೆಸರುಗಳು ಹಳ್ಳ ದಾಟಿ ಈಚೆ ಬಂದವು. ಅಧಿಕಾರಿ ಬಂದಾಗ ಕೋಣೆ ತುಂಬಿತ್ತು. ಹಲಗೆಯ ಮುಂದೆ ನಿಂತವರನ್ನು ಕಂಡು ಅವರು, "ನೀವು ಯಾವ ಶಾಲೆಯವರು?" ಎಂದು ಕೇಳಿದರು. "ನಾ ಇವರ ದೊಡ್ಡಮನೀಯವ" ಎಂದರು ಜಹಗೀರದಾರರು. ಅಧಿಕಾರಿಗೆ ಅರ್ಥವಾಯಿತೋ ಇಲ್ಲವೋ, ಸಹಿ ಮಾಡಿ ಹೋದರು. ಹತ್ತನೆಯದು ಊರಲ್ಲೇ ಉಳಿಯಿತು. ಯಮನಪ್ಪ ಆಡಿದ ಮಾತಿಗೆ ತಪ್ಪದ ಮನುಷ್ಯ, ಗಂಡಿನ ಕಡೆಯವರಿಗೆ ಈಗ ಬೇಡವೆಂದು ಹೇಳಿಕಳಿಸಿದ. ದಿನ್ನಿಗೆ ಅಂದಿನಿಂದ ಹೆಪ್ಪಿನ ದಿನ್ನಿ ಎಂಬ ಹೆಸರು ನಿಂತಿತು.

ತಗಡಿನ ಕೋಣೆಗಳು ಹೋಗಿ ಈಗಿನ ಕಲ್ಲಿನ ಕಟ್ಟಡ ಎದ್ದದ್ದು ಅದರ ಮುಂದಿನ ವರ್ಷ, ಯಮನಪ್ಪನ ಕೈಯಲ್ಲಿ. ಇಂದು ಅಲ್ಲಿಗೆ ಹೋದವರು ಹತ್ತನೆಯ ತರಗತಿಯ ಬಾಗಿಲಿನ ಮೇಲ್ಕಲ್ಲನ್ನು ತಲೆಯೆತ್ತಿ ನೋಡಬೇಕು. "ಕಸ್ತೂರಿ, ಬಾಳವ್ವನ ಮೊಮ್ಮಗಳು" ಎಂದು ಅದರಲ್ಲಿ ಕೆತ್ತಿದೆ. ಆ ಶಾಲೆಯಿಂದ ಹತ್ತನೆಯದು ಪಾಸಾದ ಮೊದಲ ಹುಡುಗಿಯ ಹೆಸರು ಕಲ್ಲಿನಲ್ಲಿರಲಿ ಎಂದು ಊರವರು ನಿಶ್ಚಯಿಸಿದಾಗ ಇಮಾಮಸಾಬರು ಪದ್ಧತಿಯಂತೆ ತಂದೆಯ ಹೆಸರು ಸೇರಿಸಲು ಹೇಳಿದರು. ಉಳಿ ಹಿಡಿದು ಕೂತಿದ್ದ ಯಮನಪ್ಪ ಬೇಡವೆಂದು ತಲೆಯಾಡಿಸಿದ. "ನಾ ಆಕೀ ಓದು ನಿಲ್ಲಸಾಂವ ಇದ್ದೆ. ನಮ್ಮವ್ವನ ಹೆಸರು ಹಾಕ್ರಿ" ಎಂದ. ಅವನಿಗೆ ಓದು ಬರಹ ಬಾರದು. ಮಗಳು ಕಲ್ಲಿನ ಮೇಲೆ ಸುಣ್ಣದಲ್ಲಿ ಬರೆದುಕೊಟ್ಟಳು, ಅಪ್ಪ ಅದರ ಜಾಡಿನಲ್ಲೇ ಉಳಿ ನಡೆಸಿದ. ಬಾಳವ್ವ ಕೆಳಗೆ ನಿಂತು, ಯಾವುದು ಮೊಮ್ಮಗಳ ಹೆಸರು, ಯಾವುದು ತನ್ನದು ಎಂದು ಮತ್ತೆ ಮತ್ತೆ ಕೇಳಿದಳು. ಪರಸ್ಥಳದವರು ಆ ಕಲ್ಲು ನೋಡಿ, ಈ ಕಸ್ತೂರಿಯವರು ಶಾಲೆಗೆ ಎಷ್ಟು ದೇಣಿಗೆ ಕೊಟ್ಟಿದ್ದಾರೆ ಎಂದು ಈಗಲೂ ಕೇಳುತ್ತಾರೆ. ಕಪ್ಪರಗಿಯವರು ಉತ್ತರ ಹೇಳುತ್ತಾರೆ: "ಕೊಟ್ಟಿಲ್ರಿ. ಆಕಿ ಇಲ್ಲಿ ಓದ್ಯಾಳ."