ಹೊಲಕ್ಕೆ ಮೊದಲು ಇಳಿಯುವವರು

"ಗುರುಗಳೇ, ಸಾವಿನ ಬಾಯಿಗೆ ಕೈ ಹಾಕುವ ಕೆಲಸವನ್ನು ಯಂತ್ರವೇ ಮಾಡುವ ಕಾಲ ಬಂದಿದೆ. ಇನ್ನು ಆ ಕೆಲಸಕ್ಕೆ ಮನುಷ್ಯ ಸಾಯಬೇಕಾಗಿಲ್ಲ ಅಲ್ಲವೇ?" ಎಂದು ಶಿಷ್ಯ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಯುದ್ಧ ಮುಗಿದ ಒಂದು ಊರು. ಹೊಲಗಳಲ್ಲಿ ಹೂತ ಬಾಂಬುಗಳು ಹಾಗೇ ಉಳಿದಿದ್ದವು. ಅವನ್ನು ಕೈಯಿಂದ ತೆಗೆಯುವವನೊಬ್ಬನಿದ್ದ. ಹೊಲ ಮುಗಿದ ಮೇಲೆ ಅವನು ಒಂದು ಬದುವಿನಿಂದ ಇನ್ನೊಂದು ಬದುವಿಗೆ ಬರಿಗಾಲಲ್ಲಿ ನಡೆದು ತೋರಿಸಬೇಕು. ಆಮೇಲೆಯೇ ರೈತ ನೇಗಿಲು ಇಳಿಸುವುದು. ಅದು ಆ ಊರಿನ ಕಟ್ಟಳೆ. ಅವನು ನಡೆಯುವಾಗಲೆಲ್ಲ ಹೆಂಡತಿ ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಬದುವಿನ ಮೇಲೆ ನಿಲ್ಲುತ್ತಿದ್ದಳು.

ಒಂದು ವರ್ಷ ಸರ್ಕಾರದವರು ರೋಬೋಟ್ ತಂದರು. ಅದು ತಾನೇ ಹೊಲದಲ್ಲಿ ಓಡಾಡಿ, ಬಾಂಬು ಹುಡುಕಿ ಸಿಡಿಸುತ್ತಿತ್ತು. ಅನುಮಾನ ಬಂದ ಕಡೆ ಮಾತ್ರ ನಿಂತು ಕೇಳುತ್ತಿತ್ತು. ಅವನು ದೂರದಲ್ಲಿ ಮರಳುಚೀಲಗಳ ಹಿಂದೆ ಕೂತು, ಪರದೆ ನೋಡಿ ಅಪ್ಪಣೆ ಕೊಟ್ಟರೆ ಸಾಕು. ಹೆಂಡತಿ ಯಂತ್ರಕ್ಕೆ ಕುಂಕುಮವಿಟ್ಟು ಕೈ ಮುಗಿದಳು. ಅಂದು ಹೊಟ್ಟೆ ತುಂಬ ಉಂಡಳು.

ಮೊದಲ ಹೊಲ ಮುಗಿಯಿತು. ಊರವರು ಬದುವಿನ ಮೇಲೆ ಸೇರಿದರು.

"ನಡಿಯಪ್ಪಾ," ಎಂದ ಹೊಲದ ರೈತ.

ಬಾಂಬು ತೆಗೆಯುವವನು ಬದುವಿನಿಂದ ಇಳಿಯಲಿಲ್ಲ. ಯಂತ್ರ ಮೂರು ಕಡೆ ನಿಂತು ಕೇಳಿತ್ತು. ಮೂರು ಕಡೆಯೂ ಅವನು, ಪರದೆ ನೋಡಿ, ಬರೀ ತುಕ್ಕು ಕಬ್ಬಿಣವೆಂದು ಯಂತ್ರವನ್ನು ಮುಂದೆ ಕಳಿಸಿದ್ದ. ಯಾವುದನ್ನೂ ಕೈಯಿಂದ ಮುಟ್ಟಿ ನೋಡಿರಲಿಲ್ಲ.

ಹೆಂಡತಿ ಅವನ ಅಂಗಿ ಹಿಡಿದು ಜಗ್ಗಿದಳು. "ಇವರು ಹೋದರೆ ಈ ಕೂಸಿಗೆ ಯಂತ್ರ ಬಂದು ಗಂಜಿ ಕುಡಿಸುತ್ತಾ? ಅಷ್ಟು ಅವಸರವಿದ್ದರೆ ನೀನೇ ಇಳಿಯಣ್ಣಾ."

"ನನಗೂ ಮಕ್ಕಳಿದ್ದಾರೆ ತಾಯಿ."

"ಹಾಗಾದರೆ ಹಿಂದೆ ಮುಂದೆ ಯಾರೂ ಇಲ್ಲದವರನ್ನು ಇಳಿಸು!"

ಸಿಟ್ಟಿಗೆ ಆಡಿದ ಮಾತು. ಆದರೆ ಎಲ್ಲರ ಮುಖವೂ ಒಂದೇ ಕಡೆ ತಿರುಗಿತು. ಕೂಲಿ ಸಿಕ್ಕೀತೆಂದು ಬಂದಿದ್ದ ಒಂಟಿ ಮುದುಕಿ ಅಲ್ಲಿ ನಿಂತಿದ್ದಳು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರೂ ಬೇಡ ಎನ್ನಲಿಲ್ಲ. ಚಪ್ಪಲಿ ಬಿಟ್ಟಳು.

"ಕೂಸಿನ ಕಣ್ಣು ಮುಚ್ಚಮ್ಮಾ," ಎಂದು ಹೆಂಡತಿಗೆ ಹೇಳಿ ಹೊಲಕ್ಕಿಳಿದಳು.

ಏನೂ ಆಗಲಿಲ್ಲ. ಆಚೆಯ ಬದು ಮುಟ್ಟಿದಳು. ರೈತ ನೇಗಿಲು ಇಳಿಸಿದ. ಅಂದಿನಿಂದ ಅದೇ ಕಟ್ಟಳೆಯಾಯಿತು. ಯಂತ್ರ ಒಂದು ಹೊಲ ಮುಗಿಸಿದರೆ ಯಾರಾದರೂ ಹೋಗಿ ಮುದುಕಿಯ ಗುಡಿಸಲಿನ ಬಾಗಿಲು ತಟ್ಟುವರು. ಹೆಂಡತಿ ಮತ್ತೆ ಬದುವಿನ ಹತ್ತಿರ ಸುಳಿಯಲಿಲ್ಲ. ಅಂಥ ದಿನ ಬಾಗಿಲು ಹಾಕಿಕೊಂಡು, ಕೂಸಿನ ಎರಡೂ ಕಿವಿ ಮುಚ್ಚಿ ಕೂರುವಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ, "ಆ ಮುದುಕಿ ಈಗಲೂ ಇದ್ದಾಳೆಯೇ?" ಎಂದ.

"ಇಷ್ಟು ಹೊಲಗಳಾದವು, ಹಾಗೆಂದು ಕೇಳಿದವನು ನೀನೇ ಮೊದಲು," ಎಂದರು ಗುರುಗಳು.