ಕುಂತು ಅಳತಿ ಹಿಡಿದ ಮಾನಪ್ಪ

ಹಿಂದಕ್ಕ, ಎಷ್ಟು ಹಿಂದಕ್ಕ ಅಂತ ನನ್ನ ಕೇಳಬ್ಯಾಡ್ರಿ, ನಮ್ಮಜ್ಜಗ ಅವರಜ್ಜ ಹೇಳೂ ಹೊತ್ತಿಗೇ ಇದು ಹಳೀ ಮಾತಾಗಿತ್ತು, ಒಂದೂರಾಗ ಮಾನಪ್ಪ ಅಂತ ಒಬ್ಬ ಬಡಿಗ ಇದ್ದನಂತ. ಕಿಡಕಿ ಮಾಡೂದ್ರಾಗ ಹನ್ನೆರಡು ಹಳ್ಳ್ಯಾಗ ಅವನ ಸರಿಸಾಟಿ ಯಾರೂ ಇರಲಿಲ್ಲಂತ. ಬೇವಿನ ಗಿಡ ಒಮ್ಮೆ ನೋಡಿದ್ರ ಸಾಕು, ಇದರಾಗ ಎಷ್ಟು ಕಿಡಕಿ ಅದಾವು ಅಂತ ಹೇಳತಿದ್ದನಂತ. ಅವ ಮಾಡಿದ ಕಿಡಕಿ ಮುಚ್ಚಿದ್ರ ಇರುವಿಗೂ ದಾರಿ ಇಲ್ಲ. ಪಾಪ, ಅದು ಮನಿ ಸುತ್ತು ಹಾಕಿ ತಲಬಾಗಲದಾಗ ಬರಬೇಕಿತ್ತಂತ. ನಗ್ರಿ, ನಗ್ರಿ. ನಾ ಕೇಳಿದ್ದು ಹೇಳಾಕತ್ತೀನಿ, ಕಟಗೊಂಡು ಹೇಳಾಕತ್ತಿಲ್ಲ.

ಆ ಕಾಲಕ್ಕ ಊರಾಗ ಹಳೀ ಮನಿಗೆ ಹೊಸ ಕಿಡಕಿ ಹಚ್ಚೂ ಹುಚ್ಚು ಹತ್ತಿತ್ತು. ಹಳೀ ಕಿಡಕಿ ಹೆಂಗಿದ್ದೂ ಅಂದ್ರ ಒಂದು ಮ್ಯಾಲ, ಒಂದು ಕೆಳಗ, ಒಂದು ಸೊಟ್ಟ, ಒಂದಕ್ಕ ಒರಲಿ ಹತ್ತಿದ್ದು. ಮಾನಪ್ಪಗ ಅವನ್ನ ಕಂಡ್ರ ಮೈ ಉರೀತಿತ್ತಂತ. ಅವರಪ್ಪ ಕಲಿಸಿದ ಲೆಕ್ಕ ಒಂದ: ನೆಲದ ಮ್ಯಾಲ ನೆಟ್ಟಗ ನಿಲ್ಲು, ಎದಿ ಮಟ್ಟಕ್ಕ ಗೆರಿ ಹೊಡಿ, ಅಲ್ಲಿಂದ ಮ್ಯಾಲ ಕಿಡಕಿ. ಅದಕ್ಕಿಂತ ಕೆಳಗ ಇದ್ದದ್ದು ನಾಯಿ ಹಣಿಕಿ ಹಾಕಾಕ ಅಂತ ಮಂದಿ ಮುಂದ ಚ್ಯಾಷ್ಟಿ ಮಾಡತಿದ್ದನಂತ. ಮೂರು ಓಣಿ ಮನಿಗೆ ಹಂಗ ಹಚ್ಚಿದ. ಮೂರೂ ಓಣಿಯವರು ಭೇಷ್ ಅಂದ್ರು.

ಹಂಗ ನೇಕಾರ ಓಣಿಗೆ ಬಂದ. ಅಲ್ಲಿ ಬನಶಂಕ್ರವ್ವ ಅಂತ ಒಬ್ಬಾಕಿ ಇದ್ದಳು. ಗಂಡ ಸತ್ತ ಮ್ಯಾಲ ಕುಣಿಮಗ್ಗದ ಮ್ಯಾಲ ಸೀರಿ ನೇಯ್ದು ಮಗನ್ನ ಬೆಳೆಸಿದಾಕಿ. ಕುಣಿಮಗ್ಗ ಅಂದ್ರ ಗೊತ್ತೈತಲ್ರಿ? ನೆಲದಾಗ ಒಂದು ತೆಗ್ಗು, ನೇಯವರು ಅದರಾಗ ಕಾಲು ಇಳಿಬಿಟ್ಟು ಕುಂಡ್ರತಾರ, ಮಗ್ಗದ ಎಳಿ ನೆಲದ ಮಟ್ಟಕ್ಕ ಹಾಸಿರತಾವ. ಆಕಿ ನೇಯ್ದ ಸೆರಗು ಎಷ್ಟು ಹಸನ ಅಂದ್ರ, ಉಟಗೊಂಡಾಕಿ ಜಗಳಾ ಮಾಡೂದು ಮರೀತಿದ್ದಳಂತ. ಅದು ಸುಳ್ಳ ಇರಬೇಕು ಅನಸ್ತೈತಿ ನನಗ.

ಮಗ ದೇವಲಪ್ಪಗ ಹೆಣ್ಣು ಗೊತ್ತಾತು. ಬೀಗರು ಬರೂದ್ರಾಗ ಮನಿ ಹೊಸದು ಮಾಡಬೇಕಂತ ಅವನ ಆಸೆ. ಅವ್ವ ತಮ್ಮನ ಮಗಳ ಮದಿವಿಗೆ ಅಂತ ಎಂಟು ದಿನ ತವರಿಗೆ ಹೋದಾಗ ಮಾನಪ್ಪನ್ನ ಕರೆಸಿದ, ಅವ್ವ ಬಂದು ಬೆರಗಾಗಬೇಕು ಅಂತ. ಮಗ್ಗದ ಬಾಜೂಕ ಗ್ವಾಡ್ಯಾಗ, ನೆಲದಿಂದ ಒಂದು ಗೇಣು ಮ್ಯಾಲ, ಗೂಡಿನಂಥಾ ಒಂದು ಹಳೀ ಕಿಡಕಿ ಇತ್ತು. ಮಾನಪ್ಪ ಅದನ್ನ ನೋಡಿ ನಕ್ಕ. ಮಗ್ಗದ ಮ್ಯಾಲ ಧೂಳ ಬೀಳಬಾರದಂತ ಧೋತರ ಹೊಚ್ಚಿದ. ಕಾಲು ಜಾರೀತು ಅಂತ ತೆಗ್ಗಿನ ಮ್ಯಾಲ ಹಲಗಿ ಹಾಸಿದ. ಆ ಹಲಗಿ ಮ್ಯಾಲ ನೆಟ್ಟಗ ನಿಂತು ಎದಿ ಮಟ್ಟಕ್ಕ ಗೆರಿ ಹೊಡದ. ಹಳೀ ಕಿಂಡಿಗೆ ಕಲ್ಲು ಮಣ್ಣು ತುಂಬಿ ಮುಚ್ಚಿದ, ಮ್ಯಾಲ ಎರಡು ಬಾಗಿಲದ ದೊಡ್ಡ ಕಿಡಕಿ ಕೂಡಿಸಿದ. ಜೀವಮಾನದಾಗ ಇಷ್ಟು ಛಲೋ ಕಿಡಕಿ ಮಾಡಿಲ್ಲ ಅಂತ ತಾನ ಬೆನ್ನು ತಟ್ಟಿಕೊಂಡನಂತ.

ಬನಶಂಕ್ರವ್ವ ಬಂದಳು, ನೋಡಿದಳು, ಮಗನ ಗಲ್ಲ ಸವರಿ ಲಟಿಕಿ ಮುರದಳು. ಮರುದಿನ ಮಗ್ಗಕ್ಕ ಕುಂತ್ರ ಎಳಿ ಕಾಣವಲ್ದು. ಕರಿ ಎಳಿ ಯಾವುದು, ನೀಲಿ ಯಾವುದು ತಿಳಿವಲ್ದು. ದಡಿ ತಪ್ಪಿತು. ಬಿಚ್ಚಿ ಮತ್ತ ನೇಯ್ದಳು, ಮತ್ತ ತಪ್ಪಿತು. ಕಣ್ಣು ಹೋದೂ ಅಂದುಕೊಂಡಳು. ನಂದಿಬಟ್ಟಲ ಹೂವಿನ ರಸ ಬಿಟಗೊಂಡಳು, ತಣ್ಣೀರು ಬಟ್ಟಿ ಕಟಗೊಂಡಳು, ದೇವರಿಗೆ ಬೆಳ್ಳಿ ಕಣ್ಣು ಮಾಡಸ್ತೀನಿ ಅಂತ ಹರಕಿ ಹೊತ್ತಳು. ಏನೂ ಆಗಲಿಲ್ಲ. ಊರಾಗ ಎಂದೂ ಯಾರೂ ಒಲ್ಲೆ ಅನ್ನದ ಆಕಿ ಸೀರಿ ತಿರುಗಿ ಮನಿಗೆ ಬಂತು. ಬಂದ ದಿನ ಆಕಿ ಉಣ್ಣಲಿಲ್ಲಂತ.

ಮಗ ಕೆಟ್ಟವ ಅಲ್ಲ. ಸಾಕು ಬಿಡವ್ವಾ, ಇಷ್ಟು ದಿನ ದುಡದಿ, ಇನ್ನ ಸೊಸಿ ಕೈಯಾಗ ಕುಂತು ಉಣ್ಣು ಅಂದ. ಬರೂ ಅಮಾಸಿಗೆ ಹೆಂಗೂ ನೇಕಾರರು ಮಗ್ಗ ಮುಟ್ಟೂದಿಲ್ಲ, ಅವತ್ತ ಬಿಚ್ಚಿ ದೊಡ್ಡಪ್ಪನ ಮನಿಗೆ ಕೊಟ್ಟುಬಿಡೂಣು ಅಂದ. ಬನಶಂಕ್ರವ್ವ ಹೂಂ ಅಂದಳು. ಅಂದು ಹಿತ್ತಲದಾಗ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳಂತ. ಗಂಡ ಹೋದಾಗ ಅತ್ತಿದ್ದಕ್ಕಿಂತ ಹೆಚ್ಚು ಅತ್ತಳಂತ. ಮಗ್ಗ ಹೋದ ಮ್ಯಾಲ ನಾ ಯಾರು ಅನ್ನೂದು ಆಕಿ ದುಃಖ.

ಅಮಾಸಿ ದಿನ ಮಗ್ಗ ಬಿಚ್ಚಾಕ ಯಾರು ಬರಬೇಕು? ಬಡಿಗನ ಬರಬೇಕು. ಮಾನಪ್ಪ ಕೊಡತಿ ಹಿಡಕೊಂಡು ಬಂದ, ಕರಿ ನೀಲಿ ಎಳಿ ತಿಳೀದಂಗ ಅವ್ವನ ಕಣ್ಣು ಹೋಗ್ಯಾವು ಅಂತ ದೇವಲಪ್ಪ ಹೇಳಿದ. ಮ್ಯಾಲಿನ ಗೂಟ ಸಡ್ಲ ಮಾಡಿದ. ಕೆಳಗಿನ ಗೂಟಕ್ಕ ಕೈ ಎಟಕಲಿಲ್ಲ, ತೆಗ್ಗಿನಾಗ ಕಾಲು ಬಿಟ್ಟು ಕುಂತ. ಹುಟ್ಟಿದಾಗಿನಿಂದ ಬಡಿಗ ಮಗ್ಗದ ತೆಗ್ಗಿನಾಗ ಕುಂತಿದ್ದು ಅದ ಮೊದಲು ನೋಡ್ರಿ. ಕುಂತು ಗೂಟ ಹುಡುಕಿದ್ರ ಗೂಟ ಕಾಣವಲ್ದು. ತನ್ನ ಅಂಗೈ ಗೆರಿ ಕಾಣವಲ್ದು. ತಲಿ ಎತ್ತಿ ನೋಡ್ತಾನ, ಮ್ಯಾಲ ತನ್ನ ಕಿಡಕಿ. ಅದರಾಗಿಂದ ಬಿಸಲು ಅವನ ನೆತ್ತಿ ಮ್ಯಾಲ ಹಾದು ಹೋಗಿ ಎದುರಿನ ಗ್ವಾಡಿಗೆ ಬಡದೈತಿ. ಖಾಲಿ ಗ್ವಾಡಿಗೆ! ಮಗ್ಗ ಅಷ್ಟೂ ಗ್ವಾಡಿ ನೆಳ್ಳಿನಾಗ ಐತಿ.

ಮಾನಪ್ಪಗ ಎಲ್ಲಾ ತಿಳೀತು. ಕೊಡತಿ ಅಲ್ಲೇ ಬಿಟ್ಟ. ಒಂದು ಕರಿ ಎಳಿ, ಒಂದು ನೀಲಿ ಎಳಿ ಹಿಡಕೊಂಡು ಎದ್ದ, ಬನಶಂಕ್ರವ್ವನ ಕೈ ಹಿಡದು ಅಂಗಳಕ್ಕ ಕರಕೊಂಡು ಹೋದ, ಯವ್ವಾ ಯಾವುದು ಕರೇದು ಹೇಳು ಅಂದ. ಆಕಿ ತಟ್ಟನ ಹೇಳಿದಳು. ಹೇಳಿ, ಬಾಯಿ ಮ್ಯಾಲ ಕೈ ಇಟಗೊಂಡಳು.

"ಯವ್ವಾ, ನಿನ್ನ ಕಣ್ಣಿಗೆ ಏನೂ ಆಗಿಲ್ಲ," ಅಂದ ಮಾನಪ್ಪ. "ತಪ್ಪು ನಂದು. ನೀ ಕುಂತು ದುಡಿಯೂ ಜಾಗಾದಾಗ ನಾ ನಿಂತು ಅಳತಿ ಹಿಡದೆ."

ಅಷ್ಟಂದು ಕಬ್ಬಿಣದ ಹಾರಿ ತಗೊಂಡು ತನ್ನ ಕಿಡಕಿ ತಾನ ಕೀಳಾಕ ನಿಂತ. ದೇವಲಪ್ಪ ಓಡಿ ಬಂದ. ಕಾಕಾ, ಬೀಗರು ಬರೂದು ಮೂರು ದಿನ ಐತಿ, ನಿನಗೇನ ಹುಚ್ಚ ಹಿಡದೈತೇನು ಅಂದ. ಓಣಿ ಮಂದಿ ನೆರದು ನಕ್ಕರು. ಅವರ ಬಾಯಿಗೆ ಬೀಗ ಹಾಕೂರು ಯಾರು? ಮಾನಪ್ಪ ಕಿಡಕಿ ಕಿತ್ತು ಕೆಳಗಿಟ್ಟ. ಬನಶಂಕ್ರವ್ವನ್ನ ತೆಗ್ಗಿನಾಗ ಕುಂಡ್ರಿಸಿದ, ನಿನಗ ಬೆಳಕು ಎಲ್ಲಿಂದ ಬರಬೇಕು ಕೈ ಚಾಚಿ ತೋರಸವ್ವಾ ಅಂದ. ಆಕಿ ಚಾಚಿದ ಬೆರಳಿನ ತುದಿಗೆ ಗ್ವಾಡ್ಯಾಗ ಮೊಳಿ ಬಡದ. ಅಲ್ಲೇ ಗ್ವಾಡಿ ಒಡದ, ಅಲ್ಲೇ ಆ ದೊಡ್ಡ ಕಿಡಕಿ ಇಳಿಸಿ ಕೂಡಿಸಿದ, ಸಡ್ಲ ಮಾಡಿದ್ದ ಮಗ್ಗದ ಗೂಟ ಮತ್ತ ಬಿಗಿದ. ಮೂರು ದಿನ ನೀರು ಬಿಟ್ರ ಬ್ಯಾರೆ ಏನೂ ಮುಟ್ಟಲಿಲ್ಲ ಅಂತಾರ. ಬಾಜೂ ಮನಿಯಾಕಿ ಹೋಳಗಿ ಕೊಟ್ಟಿದ್ದಳು ಅಂತಾನೂ ಅಂತಾರ.

ಬೀಗರು ಬಂದಾಗ ಅವರಿಗೆ ಮೊದಲು ಕೇಳಿದ್ದು ಮಗ್ಗದ ಲಾಳಿ ಸಪ್ಪಳಂತ. ಬನಶಂಕ್ರವ್ವ ಮಗ್ಗದ ಮ್ಯಾಲಿಂದ ಏಳಲೇ ಇಲ್ಲ. ಸೊಸಿ ಆಗೂ ಹುಡಿಗಿ ತಾನ ಬಂದು ತೆಗ್ಗಿನ ದಂಡಿಗೆ ಕುಂತಳು, ನನಗೂ ಕಲಸತೀರೇನ ಅತ್ತಿ ಅಂದಳು. ಅಮಾಸಿಗೆ ಬಿಚ್ಚಬೇಕಾಗಿದ್ದ ಆ ಮಗ್ಗ ಮುಂದ ನಾಕು ತಲಿಮಾರಿನ ತನಕ ಸೀರಿ ಕೊಟ್ಟಿತಂತ.

ಮಾನಪ್ಪ ಅಲ್ಲಿಗೆ ಸುಮ್ಮನಾಗಲಿಲ್ಲ. ತಾ ಕಿಡಕಿ ಬದಲಿ ಮಾಡಿದ ಮೂರೂ ಓಣಿಗೆ ಹೋದ. ಬೀಸುಕಲ್ಲಿನ ಮುಂದ ಕುಂತ, ಅಲ್ಲಿ ಕಿಡಕಿ ಇಳಿಸಿದ. ಒಲಿ ಮುಂದ ಕುಂತ, ಹೊಗಿಗೆ ಕೆಮ್ಮಿ ಕೆಮ್ಮಿ ಎದ್ದ. ಎದ್ದು ಓಡಾಡಾಕ ಬರದ ಒಬ್ಬ ಮುದುಕನ ಹಾಸಿಗಿ ಬಾಜೂಕ ಮಲಗಿ ನೋಡಿದ್ರ ಕಿಡಕ್ಯಾಗ ಬರೇ ಮುಗಲು ಕಂಡಿತು, ಓಣಿ ಕಾಣಲಿಲ್ಲ. ಅದನ್ನೂ ಇಳಿಸಿದ. ಮುದುಕ ಅವತ್ತಿನಿಂದ ಹೋಗೂ ಬರೂರನ್ನೆಲ್ಲಾ ಹೆಸರು ಹಿಡದು ಕರದು ಮಾತಾಡಿಸಿ, ಇನ್ನೂ ಹನ್ನೆರಡು ವರ್ಷ ಬದುಕಿದನಂತ.

ಈಗೇನು ಬಿಡ್ರಿ, ಆ ಊರಿಗೂ ಅಲ್ಯೂಮಿನಿಯಂ ಕಿಡಕಿ ಬಂದಾವು, ಸರಸೂ ಗಾಜಿನವು. ಆದ್ರ ಹಳೀ ಕಿಡಕಿ ಕೀಳಾಕ ಯಾರ ಬಂದ್ರೂ ಮನಿ ಹೆಣಮಗಳು ಮೊದಲು ಒಂದು ಚೂರು ಬೆಲ್ಲ, ಒಂದು ತಂಬಿಗಿ ನೀರು ಕೊಡತಾಳ. ತಾ ದಿನಾ ಕುಂಡ್ರೂ ಜಾಗಾ ತೋರಿಸಿ, "ಮಾನಪ್ಪನ ಹೆಸರಿಲೆ ಕುಂಡ್ರಪಾ" ಅಂತಾಳ. ಕುಂಡ್ರೂ ಮಟ ಟೇಪು ಬಿಚ್ಚಾಕ ಬಿಡೂದಿಲ್ಲ.

ಮೊನ್ನೆ ಪ್ಯಾಟಿಯಿಂದ ಒಬ್ಬ ಬಂದಿದ್ದ, ಬಿಗಿ ಪ್ಯಾಂಟಿನವ. ಇದೆಲ್ಲಾ ಯಾಕ್ರೀ, ಟೈಮಿಲ್ಲ ಅಂತ ಗೊಣಗಿದ. ಆಕಿ ಕೇಳಲಿಲ್ಲ. ಪ್ಯಾಂಟು ಹಿಡಕೊಂಡು ಹೆಂಗೋ ಕುಂತ. ಬೆಲ್ಲ ಬಾಯಾಗ ಹಾಕ್ಕೊಂಡ. ಕುಂತಲ್ಲಿಂದ ತಲಿ ಎತ್ತಿ ಕಿಡಕಿ ನೋಡಿದ. ಆಮ್ಯಾಲೆ ಆಕಿ ಕಡೆ ತಿರುಗಿ ಕೇಳಿದ: "ಅಕ್ಕಾರ, ದಿನಾ ಇಲ್ಲಿ ಕುಂತು ಏನ ಮಾಡತೀರಿ?"